ಲಾಂಚರ್ ಎಂಬ ದ್ವಾರಪಾಲಕನ ಮುಂದೆ

ಆಶ್ಚರ್ಯಪಡುವ ಶಕ್ತಿ ವಯಸ್ಸಿನೊಡನೆ ಕುಂದುತ್ತದೆ ಎನ್ನುವವರನ್ನು ನಾನು ಬಲ್ಲೆ. ನನ್ನ ವಿಷಯದಲ್ಲಿ ಅದು ತಿರುವುಮುರುವಾಗಿದೆ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಷ್ಟು ಕಾಲ ಯಾವುದಕ್ಕೂ ಆಶ್ಚರ್ಯಪಡದಿರುವುದೇ ನನ್ನ ಗಾಂಭೀರ್ಯದ ಗುರುತಾಗಿತ್ತು. ವಿದ್ಯಾರ್ಥಿಯೊಬ್ಬ ಕಠಿಣವಾದ ಸಮಾಸವನ್ನು ಸರಿಯಾಗಿ ಬಿಡಿಸಿದರೂ ನನ್ನ ಹುಬ್ಬು ಮೇಲೇರುತ್ತಿರಲಿಲ್ಲ. ಸರಿಯಾಗಿ ಬಿಡಿಸುವುದು ಅವನ ಕರ್ತವ್ಯ ಎಂಬುದು ನನ್ನ ನಿಲುವು. ಅವಧಿಗೆ ಮುನ್ನವೇ ನಿವೃತ್ತಿ ಪಡೆದು ಬೆಟಗೇರಿಯ ಮನೆಯಲ್ಲಿ ಕುಳಿತ ಮೇಲೆ, ಇಷ್ಟು ವರ್ಷ ಉಳಿತಾಯ ಮಾಡಿಟ್ಟ ಆಶ್ಚರ್ಯವೆಲ್ಲ ಒಮ್ಮೆಲೇ ಖರ್ಚಾಗತೊಡಗಿದೆ. ಈಗ ಪ್ರತಿದಿನ ಸಂಜೆ ನಾಲ್ಕು ಗಂಟೆಗೆ ನಾನು ಲಾರಿ ಓಡಿಸುತ್ತೇನೆ. ಗದಗಿನ ಪಾದಚಾರಿಗಳು ಗಾಬರಿಯಾಗಬೇಕಾಗಿಲ್ಲ. ಲಾರಿಯು ಕಂಪ್ಯೂಟರಿನ ಒಳಗಿದೆ.

ಇದಕ್ಕೆ ಕಾರಣರು ಲಕ್ಷ್ಮೇಶ್ವರದ ದಸ್ತಗೀರ ಮಾಸ್ತರರು. ನಮ್ಮ ಶಾಲೆಯಲ್ಲಿಯೇ ಗಣಿತ ಕಲಿಸುತ್ತಿದ್ದವರು; ನನಗಿಂತ ಹಿರಿಯರು; ನನ್ನನ್ನು ಗೇಲಿ ಮಾಡುವ ಹಕ್ಕನ್ನು ಯಾರನ್ನೂ ಕೇಳದೆ ಪಡೆದುಕೊಂಡವರು. ಶಿರಹಟ್ಟಿಯ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಹುಬ್ಬಳ್ಳಿಯಲ್ಲಿ ಒಮ್ಮೆ ಶಸ್ತ್ರಚಿಕಿತ್ಸೆಯಾಯಿತು. ಮೂಳೆ ಹೇಳಿದ ಮಾತು ಕೇಳಲಿಲ್ಲ. ಮತ್ತೊಮ್ಮೆ ಮಾಡಬೇಕು, ಅಲ್ಲಿಯವರೆಗೆ ಹಾಸಿಗೆ ಬಿಟ್ಟು ಏಳಕೂಡದು ಎಂದು ವೈದ್ಯರ ಅಪ್ಪಣೆಯಾಯಿತು. ಮುಂಡರಗಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಅವರ ಮಗಳು, ಅಪ್ಪನನ್ನು ಮಲಗಿದಲ್ಲೇ ಹಿಡಿದಿಡುವ ಉಪಾಯವಾಗಿ ಲಾರಿಯ ಆಟವೊಂದನ್ನು ಹಾಕಿಕೊಟ್ಟಳು. ಒಂಟಿಯಾಗಿ ಓಡಿಸುವುದು ಬೇಸರವೆಂದು ಮಾಸ್ತರರು ನನ್ನನ್ನೂ ಎಳೆದುಕೊಂಡರು. ಅಂದಿನಿಂದ ನಾವಿಬ್ಬರೂ ಯಾವುದೋ ಪರದೇಶದ ಹೆದ್ದಾರಿಗಳಲ್ಲಿ ಹಿಂದೆ ಮುಂದೆ ಸಾಗುತ್ತೇವೆ, ಕಿವಿಗೆ ಸಿಕ್ಕಿಸಿಕೊಂಡ ಯಂತ್ರದ ಮೂಲಕ ಹರಟುತ್ತೇವೆ. ಅಲ್ಲಿಯ ಮಳೆ ಲಾರಿಯ ಗಾಜಿನ ಮೇಲೆ ಬಿದ್ದಾಗ, ಬೆಟಗೇರಿಯ ಉರಿಬೇಸಿಗೆಯಲ್ಲಿ ನಾನು ಹೆಗಲ ಟವೆಲ್ಲನ್ನು ತಲೆಗೆ ಹೊದ್ದುಕೊಂಡದ್ದುಂಟು.

ಹಿಮದ ಬೆಟ್ಟಗಳಿಂದ ಹೊರಟು ಸಮುದ್ರತೀರದ ಬಂದರನ್ನು ತಲುಪುವ ದೀರ್ಘವಾದ ಪ್ರಯಾಣವೊಂದನ್ನು ನಾವು ಹಲವು ದಿನಗಳಿಂದ ನಡೆಸಿದ್ದೆವು. ಅಷ್ಟರಲ್ಲಿ ಹುಬ್ಬಳ್ಳಿಯಿಂದ ಕರೆ ಬಂದಿತು. ಮರುದಿನ ಬೆಳಿಗ್ಗೆ ಶಸ್ತ್ರಚಿಕಿತ್ಸೆ. ಇಂದೇ ಸಂಜೆ ಬಂದು ಸೇರಿಕೊಳ್ಳಬೇಕು. ಮಾಸ್ತರರು ಬೆಳಿಗ್ಗೆಯೇ ಫೋನ್ ಮಾಡಿದರು.

"ಆರಕ್ಕ ಗಾಡಿ ಬರತೈತ್ರಿ ಮಾಸ್ತರ. ಅಷ್ಟರಾಗ ಬಂದರಿಗೆ ಹೋಗಿ ನಿಂದರಬೇಕು. ಅರ್ಧಕ್ಕ ಬಿಟ್ಟ ಲೆಕ್ಕ ತಲ್ಯಾಗಿಟ್ಕೊಂಡು ನಾ ಆ ಟೇಬಲ್ ಮ್ಯಾಲೆ ಮಲಗಾಂವಲ್ಲ."

"ಖಂಡಿತ ತಲುಪೋಣ ಸರ್," ಎಂದೆ.

"ಖಂಡಿತ ಗಿಂಡಿತ ಬ್ಯಾಡ. ಜಲ್ದಿ ಬರ್ರಿ," ಎಂದು ನಕ್ಕರು. ಆದರೆ ಆ ನಗೆಯ ತುದಿಯಲ್ಲಿ ಅವರು ಅಡಗಿಸಲಾರದ ನಡುಕವೊಂದಿತ್ತು. ಜೀವನದಲ್ಲಿ ಯಾವ ಪರೀಕ್ಷೆಗೂ ಹೆದರದ ಮನುಷ್ಯ ಹೆದರಿದ್ದರು.

ಇಲ್ಲಿ ಓದುಗರಿಗೆ ಒಂದು ವಿವರಣೆ ಅಗತ್ಯ. ಆಟಕ್ಕೂ ಆಡುವವನಿಗೂ ನಡುವೆ ಲಾಂಚರ್ ಎಂಬ ದ್ವಾರಪಾಲಕನೊಬ್ಬನಿರುತ್ತಾನೆ. ಅವನಿಗೆ ಹೆಸರನ್ನೂ ಗುಪ್ತಪದವನ್ನೂ ಒಪ್ಪಿಸಬೇಕು. ಅವನು ದೂರದ ಸರ್ವರನ್ನು ವಿಚಾರಿಸಿ, ಆಟಕ್ಕೆ ಹೊಸ ತಿದ್ದುಪಡಿಗಳು ಬಂದಿದ್ದರೆ ತರಿಸಿಕೊಂಡು, ತೃಪ್ತನಾದ ಮೇಲೆ ಬಾಗಿಲು ತೆರೆಯುತ್ತಾನೆ. ಕ್ರಮಬದ್ಧತೆ ನನ್ನ ಸ್ವಭಾವವಾದುದರಿಂದ ಅಂದು ಊಟ ಮುಗಿಸಿದೊಡನೆಯೇ ಅವನ ಮುಂದೆ ಕುಳಿತೆ. ಪುಟ್ಟ ವೃತ್ತವೊಂದು ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು. ಬಳಿಕ, "ಏನೋ ತಪ್ಪಾಗಿದೆ, ಸಂಪರ್ಕ ಸಾಧ್ಯವಾಗುತ್ತಿಲ್ಲ" ಎಂಬರ್ಥದ ಸಂದೇಶ ಬಂದಿತು. 'ಏನೋ' ಎಂದರೇನು? ಯಾರಿಂದ, ಎಲ್ಲಿ? ಇಂಥ ಉತ್ತರವನ್ನು ನನ್ನ ವಿದ್ಯಾರ್ಥಿ ಬರೆದಿದ್ದರೆ ಅವನು ಅವಧಿ ಮುಗಿಯುವವರೆಗೂ ಬೆಂಚಿನ ಮೇಲೆ ನಿಂತಿರುತ್ತಿದ್ದ.

ಲಾಂಚರಿನವರು ಸಹಾಯದ ಪುಟವೊಂದನ್ನು ಇಟ್ಟಿದ್ದರು. ಅದನ್ನು ಫೋನಿನಲ್ಲಿ ತೆರೆದು ಪಾಠದಂತೆ ಮೊದಲಿನಿಂದ ಹಿಡಿದೆ. ಮನೆಯಲ್ಲಿ ಇಂಟರ್ನೆಟ್ ಇದೆಯೇ ನೋಡಿಕೊಳ್ಳಿ ಎಂಬುದು ಮೊದಲ ಸೂಚನೆ. ನನ್ನ ಫೋನಿಗೆ ಆಗತಾನೆ ಯಾರೋ ಹೂವಿನ ಚಿತ್ರ ಕಳುಹಿಸಿದ್ದರು. ಆದುದರಿಂದ ಇದೆ ಎಂದು ತೀರ್ಮಾನಿಸಿದೆ. ಫೋನು ತನ್ನ ಸಿಮ್ಮಿನ ಬಲದ ಮೇಲೆ ಸ್ವತಂತ್ರವಾಗಿ ಬದುಕುತ್ತಿದೆ ಎಂಬುದು ಆ ಕ್ಷಣ ನೆನಪಾಗಲಿಲ್ಲ. ಗಡಿಯಾರ ಸರಿಯಿದೆಯೇ ಎಂಬುದು ಮುಂದಿನ ಸೂಚನೆ. ಕಂಪ್ಯೂಟರಿನ ಗಡಿಯಾರ ಸ್ವಲ್ಪ ಹಿಂದಿತ್ತು! ಸಮಯಪಾಲನೆ ಮಾಡದವನನ್ನು ಒಳಗೆ ಬಿಡದ ಸರ್ವರೊಂದು ಜಗತ್ತಿನಲ್ಲಿದೆ ಎಂದು ತಿಳಿದು ನನ್ನ ಮೈ ಜುಮ್ಮೆಂದಿತು. ಇಂಥ ಮುಖ್ಯೋಪಾಧ್ಯಾಯರ ಕೈಕೆಳಗೆ ಕೆಲಸ ಮಾಡುವ ಭಾಗ್ಯ ನನಗೆ ದೊರೆಯಲಿಲ್ಲವಲ್ಲ ಎಂದುಕೊಂಡು ಗಡಿಯಾರ ತಿದ್ದಿದೆ. ವೃತ್ತ ಮತ್ತೆ ಸುತ್ತಿತು. ಫೈರ್‌ವಾಲ್ ಎಂಬ ಅಗ್ನಿಗೋಡೆಯನ್ನು ಇಳಿಸಿದೆ, ಏರಿಸಿದೆ. ಕೊನೆಗೆ ಲಾಂಚರನ್ನೇ ಕಿತ್ತುಹಾಕಿ ಹೊಸದಾಗಿ ಸ್ಥಾಪಿಸಲು ಹೊರಟು, ಅದಕ್ಕೆಂದು ಫೋನಿನ ಡೇಟಾ ಬಳಸಿದೆ. ಲಾಂಚರ್ ಬಂದಿತು, ಅದು ಆಟದ ತಿದ್ದುಪಡಿಗಳನ್ನು ಇಳಿಸಿಕೊಳ್ಳತೊಡಗಿದೊಡನೆ ಫೋನಿನ ಆ ದಿನದ ಪಾಲು ಮುಗಿದುಹೋಯಿತು.

ಮನೆಯ ಇಂಟರ್ನೆಟ್ಟಿಗೇ ಮರಳಿ, ಪುಟದ ಕೊನೆಯ ಸೂಚನೆಯಂತೆ ಕಂಪ್ಯೂಟರಿನ ಪರದೆಯ ಮೇಲೆ ಕಪ್ಪು ಕಿಟಕಿಯೊಂದನ್ನು ತೆರೆದು ಆಜ್ಞೆಯೊಂದನ್ನು ಬರೆದೆ. ಸರ್ವರಿಗೆ 'ಇದ್ದೀಯಾ?' ಎಂದು ಕೇಳುವ ಆಜ್ಞೆ ಅದು. ಕಣ್ಣು ಮಿಟುಕಿಸುವುದರೊಳಗೆ ಪರದೇಶದಿಂದ 'ಇದ್ದೇನೆ' ಎಂದು ಉತ್ತರ! ನನ್ನ ತೊಂದರೆಯನ್ನು ಮರೆತು ಬೆರಗಾಗಿ ಕುಳಿತೆ. ಗದಗ ಹೊಸ ಜಿಲ್ಲೆಯಾದಾಗ, ಇನ್ನು ಪ್ರತಿಯೊಂದು ಸಹಿಗೂ ಧಾರವಾಡಕ್ಕೆ ಓಡಬೇಕಿಲ್ಲ, ದೂರವೆಂಬುದೇ ಅಳಿಯಿತು ಎಂದು ನಾವು ಶಾಲೆಯಲ್ಲಿ ಪೇಢೆ ಹಂಚಿದ್ದೆವು. ಆಗಲೂ ಬೆಟಗೇರಿಯ ನಮ್ಮ ಶಾಲೆಯಿಂದ ಗದಗಿನ ಕಚೇರಿಗೆ ಕಳುಹಿಸಿದ ಜವಾನ ಮರಳುವಷ್ಟರಲ್ಲಿ ಶಾಲೆ ಬಿಟ್ಟಿರುತ್ತಿತ್ತು. ಇಲ್ಲಿಯೋ, ಸಮುದ್ರಗಳನ್ನು ದಾಟಿದ ಪ್ರಶ್ನೆ ಉತ್ತರವನ್ನು ಹೊತ್ತು ಮರಳಿತ್ತು. ನಾನು ಭಕ್ತಿಯಿಂದ ಮತ್ತೆ ಕೇಳಿದೆ. 'ಇದ್ದೇನೆ.' ಮತ್ತೆ ಕೇಳಿದೆ. ಉತ್ತರವಿಲ್ಲ. ಮತ್ತೊಮ್ಮೆ: 'ಇದ್ದೇನೆ.' ಆಮೇಲೆ ದೀರ್ಘ ಮೌನ.

ಅಷ್ಟರಲ್ಲಿ ಮಡದಿ ಗಿರಿಜಾ ಮೇಲ್ಮಾಳಿಗೆಯಿಂದ ಹಿಟ್ಟಿನ ಕೈಯಲ್ಲಿ ಇಳಿದು ಬಂದಳು.

"ಯಾಕ್ರೀ, ಮುಖ ಹಿಂಗ್ಯಾಕ ಮಾಡ್ಕೊಂಡು ಕುಂತೀರಿ?"

"ಸರ್ವರ್ ಸಿಗವಲ್ದು."

"ಎಲ್ಲಿರತಾನಂತ?"

"ಪರದೇಶದಾಗ."

"ನಿಮಗ ಪರದೇಶದಾಂವನಽ ಬೇಕು. ಮ್ಯಾಲೆ ಬಂದು ಒಂದು ಬುಟ್ಟಿ ಎತ್ತಿಕೊಡ್ರಿ ಅಂದ್ರ ಊರಾಗಿದ್ರೂ ನೀವು ಸಿಗೂದಿಲ್ಲ," ಎಂದು ನೀರಿನ ತಂಬಿಗೆ ಹಿಡಿದು ಮೇಲೇರಿದಳು.

ನಾಲ್ಕು ಹೊಡೆಯಿತು. ಫೋನು ರಿಂಗಣಿಸಿತು.

"ಎಲ್ಲಿದ್ರಿ ಮಾಸ್ತರ?"

"ಬಾಗಿಲಲ್ಲೇ ಇದ್ದೇನೆ ಸರ್. ಒಳಗೆ ಬಿಡುತ್ತಿಲ್ಲ."

"ಆತು. ನಾ ರಸ್ತೆ ಬಾಜೂಕ ಲಾರಿ ಹಚ್ಚಿ ನಿಂತಿರತೀನಿ. ನಿಮ್ಮನ್ನ ಬಿಟ್ಟು ಮುಂದ ಹೋಗೂದಿಲ್ಲ," ಎಂದರು. ಆ ಮಾತು ಬೈಗುಳಕ್ಕಿಂತ ಹೆಚ್ಚು ತಟ್ಟಿತು.

ಆಗ ಮೇಲಿನಿಂದ, "ಇನ್ನೊಂದು ಎಳಿ ಹಾಕ್ರೆವ್ವಾ!" ಎಂಬ ಧ್ವನಿ ಕೇಳಿಸಿತು. ಅದೇ ಕ್ಷಣದಲ್ಲಿ ಕಿಟಕಿಯ ಪಕ್ಕದ ಇಂಟರ್ನೆಟ್ ಪೆಟ್ಟಿಗೆಯ ಹಸಿರು ದೀಪ ಕೆಂಪಾಯಿತು. ನಾನು ಪೆಟ್ಟಿಗೆಯನ್ನು ನೋಡಿದೆ, ಛಾವಣಿಯನ್ನು ನೋಡಿದೆ, ಮೆಟ್ಟಿಲೇರಿದೆ.

ಮಾಳಿಗೆಯ ತುಂಬ ಶಾವಿಗೆ. ಎದುರು ಮನೆಯ ನೇಕಾರರ ಬಸಮ್ಮನ ಮಗಳಿಗೆ ಮದುವೆ ಗೊತ್ತಾಗಿತ್ತು. ಓಣಿಯ ಹೆಣ್ಣುಮಕ್ಕಳೆಲ್ಲ ಸೇರಿ, ನಮ್ಮ ಮಾಳಿಗೆಗೆ ಬಿಸಿಲು ಚೆನ್ನಾಗಿ ಬೀಳುತ್ತದೆಂದು ಇಲ್ಲಿಯೇ ಒತ್ತುತ್ತಿದ್ದರು. ಕಟ್ಟಿದ ಬಿದಿರಿನ ಗಳಗಳೆಲ್ಲ ತುಂಬಿದ್ದವು. ಉಳಿದ ಹಸಿ ಶಾವಿಗೆಯನ್ನು ಕಂಬದಿಂದ ನಮ್ಮ ಕಿಟಕಿಗೆ ಬರುವ ಕಪ್ಪು ತಂತಿಯ ಮೇಲೆ ಸಾಲಾಗಿ ಇಳಿಬಿಟ್ಟಿದ್ದರು. ಭಾರಕ್ಕೆ ತಂತಿ ಜೋತುಬಿದ್ದು, ಕಟ್ಟೆಯ ಮೂಲೆಯಲ್ಲಿ ಮೊಣಕೈಯಂತೆ ಮಡಿಚಿಕೊಂಡಿತ್ತು. ಸಮುದ್ರಗಳನ್ನು ಲೀಲೆಯಿಂದ ದಾಟಿ ಬಂದ ಬೆಳಕು, ಬಸಮ್ಮನ ಶಾವಿಗೆಯ ಬಳಿ ಮುಗ್ಗರಿಸಿ ನಿಂತಿತ್ತು.

"ಇದರ ಮೇಲೆ ಏಕೆ ಹಾಕಿದಿರಿ? ಇದು ಇಂಟರ್ನೆಟ್ಟಿನ ತಂತಿಯಲ್ಲವೇ?" ಎಂದು ಕೂಗಿದೆ.

"ಕ್ಲಾಸಿನ್ಯಾಗ ಮಾತಾಡಿದಂಗ ಮಾತಾಡಬ್ಯಾಡ್ರಿ," ಎಂದಳು ಗಿರಿಜಾ. "ತಂತಿ ಹಾಕಿದ ದಿನ ಓಣಿ ಮಂದಿನ್ನೆಲ್ಲಾ ನಿಂದರಿಸಿ ಪಾಠ ಮಾಡಿದಾವ್ರು ಯಾರು? 'ಇದರಾಗ ಕರೆಂಟ್ ಇಲ್ಲ, ಗಾಜಿನ ಎಳ್ಯಾಗ ಬರೇ ಬೆಳಕು ಹರೀತೈತಿ, ಮುಟ್ಟಿದ್ರೂ ಏನೂ ಆಗೂದಿಲ್ಲ' ಅಂತ ಹೇಳಿದಾವ್ರು?"

"ಹೌದ್ರಿ ಸರ್," ಎಂದಳು ಬಸಮ್ಮ. "ನೀವು ಹೇಳೀರಂತನಽ ನಾವು ಧೈರ್ಯ ಮಾಡಿದ್ವಿ. ಬ್ಯಾರೆಯವ್ರ ಮಾತಿಗೆ ಹಾಕತಿದ್ದಿಲ್ಲ."

ನನ್ನ ಪಾಠವೊಂದು ಇಷ್ಟು ಆಳವಾಗಿ ಬೇರೂರಿದ್ದು ವೃತ್ತಿಜೀವನದಲ್ಲಿ ಅದೇ ಮೊದಲು. ಸಂತೋಷಪಡಲು ಸಮಯವಿರಲಿಲ್ಲ. ಶಾವಿಗೆ ತೆಗೆಯಿರಿ ಎಂದೆ. ಓಣಿಗೆ ಓಣಿಯೇ ಬೆಚ್ಚಿತು.

"ಹಸಿ ಐತ್ರಿ! ಈಗ ತಗದ್ರ ಮುದ್ದಿ ಆಗತೈತಿ. ಮದಿವಿ ಶ್ಯಾವಿಗಿ ಅದು."

ಆಗ ನಾನು ದಸ್ತಗೀರ ಮಾಸ್ತರರ ವಿಷಯವನ್ನು ಹೇಳಿದೆ. ಆರು ಗಂಟೆಗೆ ಬರುವ ಗಾಡಿ, ನಾಳೆಯ ಶಸ್ತ್ರಚಿಕಿತ್ಸೆ, ರಸ್ತೆಯ ಬದಿಯಲ್ಲಿ ನನಗಾಗಿ ಕಾದು ನಿಂತ ಲಾರಿ, ಎಲ್ಲವನ್ನೂ ಹೇಳಿದೆ. ಮಧ್ಯವಯಸ್ಸಿನ ಮಾಸ್ತರನೊಬ್ಬ ಲಾರಿ ಆಟಕ್ಕಾಗಿ ಅಂಗಲಾಚುವುದನ್ನು ಕಂಡು ನಗುವರೆಂದುಕೊಂಡಿದ್ದೆ. ಯಾರೂ ನಗಲಿಲ್ಲ. ಬಸಮ್ಮ ಸುಮ್ಮನೆ ಎದ್ದು ಹೋಗಿ, ಸೀರೆ ಒಣಹಾಕುವ ಹಗ್ಗಕ್ಕೆ ಆಸರೆ ಕೊಡುವ ಕವೆಗೋಲೊಂದನ್ನು ತಂದಳು. ಅದರ ಕವಲಿನಲ್ಲಿ ತಂತಿಯನ್ನು ಕೂರಿಸಿ, ಶಾವಿಗೆಯ ಎಳೆಯೊಂದೂ ಮುರಿಯದಂತೆ ಮೆಲ್ಲಗೆ ಮೇಲೆತ್ತಿದಳು. ನಾನು ಕೆಳಗೋಡಿದೆ. ಗಿರಿಜಾ ಮೆಟ್ಟಿಲ ಮೇಲೆ ನಿಂತು ಸುದ್ದಿ ದಾಟಿಸಿದಳು.

"ಹಸರ ಬಂತೇನ್ರೀ?"

"ಇಲ್ಲ!"

"ಬಸಮ್ಮಾ, ಇನ್ನೊಂದೀಟು ಎತ್ತವ್ವಾ! ಈಗ?"

"ಬಂತು! ಹೋಯಿತು! ಬಂತು!"

"ಬಂತಂತ, ಅಲ್ಲೇ ಹಿಡೀ! ಅಳ್ಳಾಡಬ್ಯಾಡ!"

ವೃತ್ತ ಸುತ್ತಿತು, ತಿದ್ದುಪಡಿಗಳು ಇಳಿದವು, ದ್ವಾರಪಾಲಕನು ಬಾಗಿಲು ತೆರೆದನು. ಅಗೋ ಹೆದ್ದಾರಿ, ಅದರ ಬದಿಯಲ್ಲಿ ಎಚ್ಚರಿಕೆಯ ದೀಪಗಳನ್ನು ಮಿನುಗಿಸುತ್ತ ದಸ್ತಗೀರ ಮಾಸ್ತರರ ಲಾರಿ. ಅದರ ಹಿಂದೆ ಇನ್ನೂ ಕೆಲವು ಲಾರಿಗಳು ಸಾಲಾಗಿ ನಿಂತಿದ್ದವು. ಯಾವ ಯಾವ ದೇಶದವರೋ, ಇವರಿಗೇನೋ ತೊಂದರೆಯಾಗಿದೆಯೆಂದು ತಾವೂ ನಿಂತಿದ್ದರಂತೆ. ಮಾಸ್ತರರು ಅವರಿಗೆ ಅಪ್ಪಟ ಲಕ್ಷ್ಮೇಶ್ವರದ ಕನ್ನಡದಲ್ಲಿ ಸಮಾಧಾನ ಹೇಳುತ್ತಿದ್ದರು: "ತಡೀರೋ ತಮ್ಮಗಳಿರಾ, ನಮ್ಮ ಮಾಸ್ತರು ಬರಾಕ ಹತ್ಯಾರು." ಅವರಿಗೆ ಏನು ಅರ್ಥವಾಗಿತ್ತೋ ತಿಳಿಯದು, ಆದರೆ ಯಾರೂ ಕದಲಿರಲಿಲ್ಲ. ಹಾಸಿಗೆಯಲ್ಲಿ ಮಲಗಿದ ಗೆಳೆಯ, ಮಾಳಿಗೆಯ ಮೇಲೆ ಕೋಲು ಹಿಡಿದ ಬಸಮ್ಮ, ಕಂಡರಿಯದ ಊರುಗಳ ಲಾರಿಚಾಲಕರು, ಎಲ್ಲರೂ ಗಾಜಿನ ಒಂದೇ ಎಳೆಯಲ್ಲಿ ಪೋಣಿಸಲ್ಪಟ್ಟಿದ್ದರು.

ನಾವೆಲ್ಲರೂ ಹೊರಟೆವು. ಕೊನೆಯ ಗುಡ್ಡವನ್ನು ದಾಟಿದಾಗ, ಲಕ್ಷ್ಮೇಶ್ವರದ ಅವರ ಮನೆಯ ಮುಂದೆ ನಿಜವಾದ ಗಾಡಿ ಬಂದು ನಿಂತ ಸದ್ದು ನನ್ನ ಕಿವಿಗೂ ಕೇಳಿಸಿತು. "ಒಂದ ನಿಮಿಷ ನಿಂದರವಾ ಮಗಳ," ಎಂದರು ಮಾಸ್ತರರು. ಆಗ ಸಮುದ್ರ ಕಂಡಿತು. ಇಳಿಹೊತ್ತಿನ ಬಿಸಿಲು ನೀರಿನ ಮೇಲೆ ಹಾಸಿತ್ತು. ಹಡಗುಗಳು ನಮಗಾಗಿಯೇ ಕಾದಿರುವಂತೆ ನಿಂತಿದ್ದವು. ಮಾಸ್ತರರು ಬಂದರಿನ ಗೆರೆಯ ಮೇಲೆ ಅಳತೆಯಿಟ್ಟಂತೆ ಲಾರಿ ನಿಲ್ಲಿಸಿ, ಬಹಳ ಹೊತ್ತಿನಿಂದ ಹಿಡಿದಿದ್ದ ಉಸಿರನ್ನು ಬಿಟ್ಟರು. "ಲೆಕ್ಕ ಮುಗೀತ್ರಿ," ಎಂದರು. ಬೆಳಗಿನ ನಡುಕ ಆ ಧ್ವನಿಯಲ್ಲಿರಲಿಲ್ಲ.

ನಾನು ಸಮುದ್ರವನ್ನು ನೋಡುತ್ತ ಮೈಮರೆತಿದ್ದೆ. ಹಾಗೆ ಮೈಮರೆತವನು ಬ್ರೇಕನ್ನೂ ಮರೆತಿದ್ದೆನೆಂಬುದು, ನನ್ನ ಲಾರಿ ಅವರ ಲಾರಿಯ ಬೆನ್ನಿಗೆ ಹೋಗಿ ಅಪ್ಪಳಿಸಿದಾಗಲೇ ತಿಳಿದದ್ದು.

ಕಿವಿಯಲ್ಲಿ ದಸ್ತಗೀರ ಮಾಸ್ತರರ ಶಾಂತವಾದ ಧ್ವನಿ: "ಬಂದ್ವಿ ಅಂತ ಬಾಯಿಲೆ ಹೇಳಿದ್ರ ಸಾಕಾಗತಿತ್ತಲ್ರಿ ಮಾಸ್ತರ. ಇರ್ಲಿ ಬಿಡ್ರಿ. ನನ್ನ ಸೊಂಟ ನಾಳೆ ಡಾಕ್ಟರು ನೋಡ್ಕೋತಾರು. ಈ ಲಾರಿ ಸೊಂಟ ನೀವು ನೋಡ್ಕೊಂಡಿರ್ರಿ, ನಾ ಬರೂತನಕ."