ತಮ್ಮ ಚೆಲುವನ್ನು ತಾವೇ ಹೊಗಳಿಕೊಂಡವರೆದುರು ಕೆಮ್ಮಕೂಡದ ಬಗ್ಗೆ

ಸಂಖ್ಯೆ: ಆಡಳಿತ/ಮುಖ/ಹೊಗಳಿಕೆ/೧೪

ವಿಷಯ: ಸಿಬ್ಬಂದಿಯು ತಮ್ಮ ರೂಪವನ್ನು ತಾವೇ ಹೊಗಳಿಕೊಂಡಾಗ ಸ್ನೇಹಿತರು ನಡೆದುಕೊಳ್ಳತಕ್ಕ ರೀತಿ.

ಉಲ್ಲೇಖ: ಟಪಾಲು ಶಾಖೆಯ ಗುಮಾಸ್ತೆಯವರ ಮುನಿಸು.

ದೀರ್ಘ ಕಾಯಿಲೆಯ ರಜೆ ಮುಗಿಸಿ ಬಂದ ಸದರಿ ಗುಮಾಸ್ತೆಯವರು, ಕೈತೊಳೆಯುವಲ್ಲಿನ ಕನ್ನಡಿಯಲ್ಲಿ ತಮ್ಮ ಮುಖಕ್ಕೆ ಕಳೆ ಮರಳಿರುವುದನ್ನು ಕಂಡು ಹಿಗ್ಗಿ, ನೇರ ಊಟದ ಮೇಜಿಗೆ ಬಂದು, "ಇವತ್ತು ನಾನು ಎಷ್ಟು ಚೆನ್ನಾಗಿ ಕಾಣ್ತಿದೀನಿ ಕಣ್ರಪ್ಪಾ! ನನಗೇ ಕಣ್ಣು ಕೀಳೋಕಾಗ್ಲಿಲ್ಲ" ಎಂದು ಪೂರ್ವಾನುಮತಿ ಇಲ್ಲದೆ ಘೋಷಿಸಿರುತ್ತಾರೆ. ಆಗ ಲೆಕ್ಕಿಗರು ಕೆಮ್ಮಿದ್ದು, ಬೆರಳಚ್ಚುಗಾರ್ತಿಯವರು ಫ್ಯಾನನ್ನು ದಿಟ್ಟಿಸಿದ್ದು, ದಫೇದಾರರು "ಅಲ್ಲಿ ಹೊಸ ಬಲ್ಬ್ ಹಾಕಿಸಿದೀವಕ್ಕಾ, ಅದಕ್ಕೇ" ಎಂದದ್ದು ದೃಢಪಟ್ಟಿದೆ. ಗುಮಾಸ್ತೆಯವರ ಮುಖ ಬಾಡಿತು. ಡಬ್ಬಿ ಮುಚ್ಚಿಕೊಂಡು ಎದ್ದವರು ಅಂದಿನಿಂದ ಟಪಾಲು ಚೀಲಗಳ ನಡುವೆ ಒಬ್ಬರೇ ಕೂತು ಉಣ್ಣುತ್ತಿದ್ದಾರೆ. ಮೇಜಿನಲ್ಲಿ ಉಳಿದ ಮೂವರಿಗೂ ತುತ್ತು ಇಳಿಯುತ್ತಿಲ್ಲ. ಆದ್ದರಿಂದ ಎಲ್ಲರ ಗಮನಕ್ಕೆ ತರಲಾಗುತ್ತಿರುವುದೇನೆಂದರೆ:

೧. ಹೊಗಳಿಕೆ ಕಿವಿಗೆ ಬಿದ್ದ ಕೂಡಲೇ "ಹೌದು" ಎನ್ನತಕ್ಕದ್ದು. "ಹೌದಾ?" ಎಂಬುದನ್ನು ಹೌದು ಎಂದು ಪರಿಗಣಿಸಲಾಗುವುದಿಲ್ಲ.

೨. ಕೆಮ್ಮು ನಿಜವಾದುದಾದಲ್ಲಿ, ಹೊಗಳಿಕೆಗೆ ಮುಂಚೆಯೇ ಕೆಮ್ಮಿ ಮುಗಿಸಿರತಕ್ಕದ್ದು.

೩. ಚೆಲುವಿನ ಕೀರ್ತಿಯನ್ನು ಬಲ್ಬ್, ಬಟ್ಟೆ, ಬಾಚಣಿಗೆ ಅಥವಾ ನೋಡುವವರ ಕನ್ನಡಕಕ್ಕೆ ಸಲ್ಲಿಸುವುದನ್ನು ನಿಷೇಧಿಸಲಾಗಿದೆ.

೪. "ನಾನೇನು ಕಮ್ಮಿ?" ಎನ್ನಬಯಸುವವರು ಮೊದಲ ಹೊಗಳಿಕೆ ಆರುವವರೆಗೆ ಕಾಯತಕ್ಕದ್ದು. ಆರಿದೆಯೇ ಎಂದು ಮುಟ್ಟಿ ನೋಡಕೂಡದು.

೫. ನಗು ತಡೆಯಲಾಗದವರು ಗೋಡೆಯತ್ತ ತಿರುಗತಕ್ಕದ್ದು. ಗೋಡೆಯೂ ನಕ್ಕಲ್ಲಿ ಕಟ್ಟಡ ಶಾಖೆಗೆ ಲಿಖಿತವಾಗಿ ತಿಳಿಸುವುದು.

ಈ ಕರಡನ್ನು ಹಿಡಿದು ಮೂವರೂ ಟಪಾಲು ಶಾಖೆಗೆ ತೆರಳಲಾಗಿ, ದಫೇದಾರರು ತಲೆ ಕೆರೆದುಕೊಂಡು, "ಅಕ್ಕಾ, ನೀವು ಆವತ್ತು ಚೆನ್ನಾಗೇ ಇದ್ರಿ. ಹುಷಾರಾಗಿ ಬಂದ್ರಲ್ಲ ಅಂತ ನಮಗೆ ಅಳು ಬರೋ ಹಾಗಾಗಿತ್ತು, ಅದಕ್ಕೇ ಇವರು ಕೆಮ್ಮಿದ್ದು, ಅವರು ಫ್ಯಾನ್ ನೋಡಿದ್ದು. ಏನೋ ಹೇಳೋಕೆ ಹೋದೆ, ಬಾಯಿಗೆ ಬಲ್ಬ್ ಬಂತು" ಎಂದು ನಿವೇದಿಸಿಕೊಂಡಿರುತ್ತಾರೆ. ಗುಮಾಸ್ತೆಯವರು ಚೀಲದ ದಾರ ಬಿಗಿದು ಗಂಟು ಹಾಕಿ, "'ಚೆನ್ನಾಗೇ' ಅಲ್ಲ, 'ತುಂಬಾ ಚೆನ್ನಾಗಿ'. ತಿದ್ಕೊಳ್ಳಿ" ಎಂದು ಆಕ್ಷೇಪಿಸಿ, ಡಬ್ಬಿ ಎತ್ತಿಕೊಂಡು ಅವರೆಲ್ಲರಿಗಿಂತ ಮುಂದೆ ಮೇಜಿನತ್ತ ನಡೆದಿರುತ್ತಾರೆ. ತಿದ್ದುಪಡಿಯನ್ನು ಅವಿರೋಧವಾಗಿ ಅಂಗೀಕರಿಸಲಾಗಿದೆ.

ಸಹಿ/-
ಕಚೇರಿ ಅಧೀಕ್ಷಕರು

ಪ್ರತಿಗಳು:
೧. ಎಲ್ಲ ಶಾಖೆಗಳಿಗೆ, ಚಾಚೂ ತಪ್ಪದೆ ಪಾಲಿಸಲು.
೨. ಕಟ್ಟಡ ಶಾಖೆಗೆ, ಗೋಡೆಗಳಿಗೆ ಓದಿ ಹೇಳಲು.
೩. ಗುಮಾಸ್ತೆಯವರ ತಾಯಿಯವರಿಗೆ, ಅವರು ಇದನ್ನು ಮೊದಲಿನಿಂದಲೂ ಹೇಳುತ್ತಿರುವುದರಿಂದ, ಕೇವಲ ಮಾಹಿತಿಗಾಗಿ.