ಡಿಕ್ಕಿಯಲ್ಲಿದ್ದ ಬಿಲ್ಲು

ಮನೆಗೊಂದು ಬಿಲ್ಲು ಬಂದ ಮೇಲೆ ಇಂಥವೆಲ್ಲ ನಡೀತಾನೇ ಇರುತ್ತೆ ಅಂತ ಈಗ ನಗು ಬರುತ್ತೆ. ಆಗ ಮಾತ್ರ ಪ್ರತಿ ಸಲವೂ ಜೀವ ಬಾಯಿಗೆ ಬಂದಿತ್ತು.

ಚೀಲ

ಕೊರೊನಾ ಕಾಲ. ನಾವಿದ್ದ ರಾಟರ್‌ಡ್ಯಾಮ್‌ನಲ್ಲಿ ಜಿಮ್‌ಗಳು ಮುಚ್ಚಿದ್ದವು. ಬಯಲಲ್ಲಿ ಆಡೋ ಆಟ ಅಂತ ನಮ್ಮನೆಯವರು ಬಿಲ್ಲುಗಾರಿಕೆ ಕ್ಲಬ್ ಸೇರಿದರು. ಕ್ಲಬ್ಬಿನ ಕೋಚ್ ಮೊದಲ ದಿನವೇ ಗದರಿದ್ದರಂತೆ: "ಈ ದೇಶದಲ್ಲಿ ಬಿಲ್ಲಿನಿಂದ ಬೇಟೆ ಆಡೋ ಹಾಗೇ ಇಲ್ಲ. ಬಿಲ್ಲು ಚೀಲದಲ್ಲಿರಬೇಕು, ಚೀಲ ಡಿಕ್ಕಿಯಲ್ಲಿರಬೇಕು. ಕಾಡಿನ ಹತ್ತಿರ ಕಾರ್ ನಿಲ್ಲಿಸಿ ಆಚೆ ತೆಗೆದ್ರೆ ಕಳ್ಳಬೇಟೆ ಅಂತಲೇ ತಿಳ್ಕೋತಾರೆ."

ಮಗನನ್ನು ನೋಡೋಕೆ ತುಮಕೂರಿಂದ ಬಂದು, ವಾಪಸ್ ಟಿಕೆಟ್ ಸಿಗದೆ ಉಳಿದಿದ್ದ ನಮ್ಮತ್ತೆ ಇದನ್ನೆಲ್ಲ ಕೇಳಿಸ್ಕೊಂಡರು. "ಮನುಷ್ಯರಿಗೆ ಮಾಸ್ಕು, ಬಿಲ್ಲಿಗೆ ಚೀಲ. ಇಲ್ಲೀಗ ಮುಖ ತೋರಿಸ್ಕೊಂಡು ಓಡಾಡೋದು ನಾಯಿಗಳು ಮಾತ್ರ" ಅಂದರು.

ಯಾ, ಯಾ

ನಮ್ಮನೆಯವರಿಗೆ ಬರ್ತಿದ್ದ ಡಚ್ಚು "ಯಾ, ಯಾ" ಅಷ್ಟೇ. ಅಂದರೆ ಹೌದು, ಹೌದು. ಒಂದು ಭಾನುವಾರ ಚೀಲವನ್ನು ಡಿಕ್ಕಿಗೆ ಇಡುವಾಗ ಕೆಳಮನೆ ಅಜ್ಜಿ ಕಿಟಕಿಯಿಂದ ಏನೋ ಕೇಳಿದರು. ಇವರು ನಗ್ತಾ "ಯಾ, ಯಾ" ಅಂದರು. ಅಜ್ಜಿ ಕೇಳಿದ್ದು "ಬೇಟೆಗೆ ಹೊರಟ್ಯಾ?" ಅಂತ.

ನಾವು ಬೀದಿ ದಾಟೋದರೊಳಗೆ ಅಜ್ಜಿಯ ಫೋನ್ ಮೇಲೆ ಪೊಲೀಸರು ಬಂದು ಕಾರ್ ನಿಲ್ಲಿಸಿದರು. ಈ ದೇಶದಲ್ಲಿ ಇರೋಕೆ ಬೇಕಾದ ನಮ್ಮ ಪರ್ಮಿಟ್ ನವೀಕರಣಕ್ಕೆ ಹೋಗಿದ್ದ ಸಮಯ ಅದು. ಕ್ಲಬ್ಬಿನ ಕಾರ್ಡ್ ತೋರಿಸಿ, ಕೋಚ್‌ಗೆ ಫೋನ್ ಮಾಡಿಸಿ ಬಿಡುಗಡೆಯಾಯ್ತು. ಅವತ್ತಿಂದ ಅಜ್ಜಿ "ಗುಡ್ ಮಾರ್ನಿಂಗ್" ಅಂದ್ರೂ ಇವರ ಉತ್ತರ "ಇಲ್ಲ, ಇಲ್ಲ".

ಜಿಂಕೆ

ಆಮೇಲೊಂದು ದಿನ ಕ್ಲಬ್ಬಿಂದ ಬರುವಾಗ ಕಾಡಿನ ಪಕ್ಕದಲ್ಲೇ ಟೈರ್ ಪಂಕ್ಚರ್. ಸ್ಟೆಪ್ನಿ ಇದ್ದದ್ದು ಡಿಕ್ಕಿಯ ತಳದಲ್ಲಿ. ಇವರು ಮೇಲಿದ್ದ ಚೀಲ ಎಳೆದರು, ಜಿಪ್ ಕಿತ್ತುಬಂತು. ಬಿಲ್ಲು, ಬಾಣ ಎಲ್ಲ ರಸ್ತೆ ಮೇಲೆ. ಇವರು ಒಂದೊಂದೇ ಆರಿಸ್ತಿದ್ದಾಗ ಮರಗಳ ನಡುವೆ ಜಿಂಕೆಯೊಂದು ಬಂದು ನಿಂತಿತು. ಅದೇ ಹೊತ್ತಿಗೆ ರಸ್ತೆಯಲ್ಲಿ ಫಾರೆಸ್ಟ್ ಗಾರ್ಡಿನ ಜೀಪು ಬಂತು.

ಗಾರ್ಡ್ ದೂರದಲ್ಲೇ ನಿಂತು ಇಂಗ್ಲಿಷಲ್ಲಿ ಕೂಗಿದರು, "ಎಲ್ಲ ಕೆಳಗಿಡು."

ಇವರು ಇಟ್ಟರು. ಹಿಂದಿನ ಸೀಟಲ್ಲಿದ್ದ ಅತ್ತೆ ತುಟಿ ಅಲ್ಲಾಡಿಸ್ತಾ ದುವಾ ಮಾಡ್ತಿದ್ದರು. ಪಂಕ್ಚರ್ ಟೈರ್ ತೋರಿಸಿದ್ರೂ ಗಾರ್ಡ್ ನಂಬಲಿಲ್ಲ. "ಕಾರು, ಬಿಲ್ಲು, ಜಿಂಕೆ ಮೂರೂ ಒಂದೇ ಕಡೆ ಇವೆ. ನಾನೇನು ತಿಳ್ಕೋಬೇಕು?" ಅಂದು ಪೊಲೀಸರಿಗೆ ಫೋನ್ ಮಾಡೋಕೆ ಹೊರಟರು.

ನನಗೆ ಬೇರೇನೂ ತೋಚಲಿಲ್ಲ. ಅವತ್ತು ಕ್ಲಬ್ಬಲ್ಲಿ ಇವರು ಬಾಣ ಬಿಡುವಾಗ ತೆಗೆದ ವಿಡಿಯೋ ಹಾಕಿ, ಫೋನನ್ನ ಕಾರಿನ ಬಾನೆಟ್ ಮೇಲಿಟ್ಟು ದೂರ ಸರಿದೆ. ಗಾರ್ಡ್ ಬಗ್ಗಿ ನೋಡಿದರು. ಒಂದು ಬಾಣ ಹುಲ್ಲಿಗೆ, ಇನ್ನೊಂದು ಬೇಲಿಗೆ. ಮೂರನೇದು ಪಕ್ಕದವರ ಗುರಿಹಲಗೆಗೆ. ಗಾರ್ಡ್ ಮುಖ ಸ್ವಲ್ಪ ಸಡಿಲಾಯ್ತು.

ಊರಲ್ಲೆಲ್ಲ ತಮ್ಮ ಗುರಿಯ ಬಗ್ಗೆ ಕೊಚ್ಚಿಕೊಂಡಿದ್ದ ನಮ್ಮನೆಯವರು ನನ್ನ ಕಡೆ ತಿರುಗಿ, ಮೆಲ್ಲಗೆ ಕನ್ನಡದಲ್ಲಿ ಅಂದರು: "ಹೋದ ವಾರದ್ದೂ ತೋರ್ಸೇ. ಅದು ಇನ್ನೂ ಕೆಟ್ಟದಾಗಿದೆ."

ತೋರಿಸಿದೆ. ಗಾರ್ಡ್ ಜೋರಾಗಿ ನಕ್ಕು ತಮ್ಮ ಫೋನ್ ಜೇಬಿಗಿಟ್ಟರು. ಜಿಂಕೆ ಇನ್ನೂ ಅಲ್ಲೇ ಮೇಯ್ತಿತ್ತು. ಅದರ ಕಡೆ ಕೈ ತೋರಿಸಿ ಅಂದರು, "ಅದಕ್ಕೆ ಆಗಲೇ ಗೊತ್ತಿತ್ತು ಅನ್ಸುತ್ತೆ."