ಎಂಟನೆಯ ಗುಮ್ಮ

ಒಂದು ಅಂಕಿ ಮೂರೋ ಎಂಟೋ ಎಂದು ಗೊತ್ತಾಗದೆ ಹೋದದ್ದರಿಂದ ಚೀಟಿಯಪ್ಪನ ಗ್ರಹಚಾರ ಕೆಟ್ಟಿತು.

ಚೀಟಿಯಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಗೊಂಬೆ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷದಿಂದ ಡಬ್ಬಿಗಳಿಗೆ ಚೀಟಿ ಬರೆದು ಅಂಟಿಸುತ್ತಿದ್ದ. ನಿಜವಾದ ಹೆಸರನ್ನು ಜೊತೆಯವರಿರಲಿ, ಎಷ್ಟೋ ಸಲ ಅವನೇ ಮರೆಯುತ್ತಿದ್ದ. ಕಾರ್ಖಾನೆ ಎಂದರೆ ಮೂರು ಕೋಣೆ, ಐದು ಜನ. ಅಲ್ಲಿ ತಯಾರಾಗುತ್ತಿದ್ದದ್ದು ಮಕ್ಕಳು ಕಚ್ಚಿ ಎಸೆಯುವ ಗೊಂಬೆಯಲ್ಲ. ದೊಡ್ಡವರು ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟುಕೊಂಡು, ಮಕ್ಕಳು ಹತ್ತಿರ ಬಂದರೆ ಗದರುವಂಥ ವಿನೈಲ್ ಗೊಂಬೆ.

ಈ ಸಲದ್ದು ಗುಮ್ಮ. ಎರಡು ಕೊಂಬು, ಡೊಳ್ಳು ಹೊಟ್ಟೆ, ನೆಲದವರೆಗೆ ಬಾಲ. ಒಂದು ಗುಮ್ಮ ಯಜಮಾನರ ಕೋಣೆಯ ಕಪಾಟಿನಲ್ಲಿ, ಗೋಡೆಗೆ ಬೆನ್ನು ಮಾಡಿ ನಿಂತಿತ್ತು. ಡಬ್ಬಿಯ ಚೀಟಿಗೆ ಅದರ ಅಂಗಾಲಿನಲ್ಲಿರುವ ಸಂಖ್ಯೆ ಬೇಕಾಗಿತ್ತು. ಯಜಮಾನರು ಊರೊಳಗೆ ಎಲ್ಲಿಗೋ ಹೋಗಿದ್ದರು. ಚೀಟಿಯಪ್ಪ ಗುಮ್ಮನನ್ನು ಎದೆಗವುಚಿ ತಂದು, ಪ್ಯಾಕಿಂಗ್ ಮೇಜಿನ ಮೇಲೆ ಅಂಗಾತ ಮಲಗಿಸಿ, ಕೊನೆಯ ಅಂಕಿ ಮೂರೋ ಎಂಟೋ ತಿಳಿಯದೆ ಕನ್ನಡಕ ಹುಡುಕಲು ಹೋದ. ಕನ್ನಡಕ ಅವನ ತಲೆಯ ಮೇಲೇ ಇತ್ತು. ಅದು ಗೊತ್ತಾಗಲು ಐದು ನಿಮಿಷ ಹಿಡಿಯಿತು.

ಹಿಂದಿರುಗಿ ಬಂದಾಗ ಗುಮ್ಮ ಸ್ವಲ್ಪ ಕುಗ್ಗಿದಂತೆ ಕಂಡಿತು. ಎತ್ತಲು ಹೋದರೆ ಬರಲಿಲ್ಲ. ಅವನು ಅದನ್ನು ಮಲಗಿಸಿದ್ದು ಪ್ಲಾಸ್ಟಿಕ್ ಚೀಲದ ಬಾಯಿ ಅಂಟಿಸುವ ಬಿಸಿ ತಗಡಿನ ಮೇಲೆ. ಎರಡೂ ಕೈಯಿಂದ ಎಳೆದಾಗ ಗುಮ್ಮ ಎದ್ದಿತು. ಬೆನ್ನು ಮಾತ್ರ ತಗಡಿನ ಮೇಲೆಯೇ ಉಳಿಯಿತು.

"ಅಯ್ಯೋ, ಬೆನ್ನೇ ಇಲ್ವಲ್ಲಪ್ಪಾ ಇದಕ್ಕೆ," ಎಂದಳು ಪ್ಯಾಕಿಂಗ್ ಅಕ್ಕ. ಡಬ್ಬಿ ಕಟ್ಟುವುದು ಅವಳ ಕೆಲಸ. ಉಳಿದ ನಾಲ್ವರ ಕೆಲಸದಲ್ಲಿ ಕೈಹಾಕುವುದು ಅವಳ ಹವ್ಯಾಸ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಯಜಮಾನರ ಧ್ವನಿ.

"ನೋಡು, ನಾಲ್ಕು ಗಂಟೆಗೆ ದೊಡ್ಡವರೊಬ್ಬರು ಬರ್ತಾರೆ. ಅವರಿಗೆ ಕಪಾಟಿನಲ್ಲಿರೋ ಗುಮ್ಮನ್ನ ತೋರಿಸ್ಬೇಕು. ಯಾರೂ ಮುಟ್ಟದ ಹಾಗೆ ನೋಡ್ಕೋ. ತುಂಬಾ ಮುಖ್ಯವಾದದ್ದು ಅದು."

"ಆಯ್ತು ಸಾರ್," ಎಂದ ಚೀಟಿಯಪ್ಪ. ಗುಮ್ಮ ಅವನ ಕಂಕುಳಲ್ಲಿ ಇನ್ನೂ ಬೆಚ್ಚಗಿತ್ತು.

ಬರುವವರು ಸಾವಿರಗಟ್ಟಲೆ ಗೊಂಬೆ ಕೊಳ್ಳುವ ಗಿರಾಕಿಯೇ ಇರಬೇಕೆಂದು ಅಕ್ಕ ಕೂಡಲೇ ತೀರ್ಮಾನಿಸಿದಳು. ಬಣ್ಣದ ಭಾವ ಕುಂಚ ಹಿಡಿದೇ ಓಡಿಬಂದ. ಅವನು ಯಜಮಾನರ ಹೆಂಡತಿಯ ಅಣ್ಣ, ಗೊಂಬೆಗಳ ಮುಖಕ್ಕೆ ಬಣ್ಣ ಬರೆಯುವವನು. "ಬಿಸಿ ನೀರಲ್ಲಿ ಹಾಕಿ, ವಿನೈಲು ತನ್ನ ಆಕಾರಕ್ಕೆ ತಾನೇ ಬರತ್ತೆ," ಎಂದ. ಹಾಕಿದರು. ಸೊಟ್ಟಗಾಗಿದ್ದ ಬಾಲ ನಿಜಕ್ಕೂ ನೆಟ್ಟಗಾಯಿತು. ಬೆನ್ನು ಮಾತ್ರ ಎಲ್ಲಿಂದ ಬರಬೇಕು?

"ತಲೆ, ಕೈ ಚೆನ್ನಾಗೇ ಇವೆ," ಎಂದಳು ಅಕ್ಕ. "ಮೈ ಒಂದನ್ನ ಹೊಸದಾಗಿ ಎರಕ ಹೊಯ್ದು, ಇದೇ ತಲೆ ಸಿಕ್ಕಿಸಿದ್ರೆ ಯಾರಿಗೆ ಗೊತ್ತಾಗತ್ತೆ? ಇಕ್ಕಳದಣ್ಣನ ಹತ್ರ ಹೋಗು."

ಎರಕದ ಕೋಣೆ ಹಿಂದುಗಡೆ ಇತ್ತು. ಎಣ್ಣೆಯ ವಾಸನೆಗೆ ತಲೆನೋವು ಬರುತ್ತದೆಂದು ಚೀಟಿಯಪ್ಪ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಅದರ ಹೊಸ್ತಿಲು ದಾಟಿರಲಿಲ್ಲ. ಗೊಂಬೆಗಳು ಬುಟ್ಟಿಯಲ್ಲಿ ಬರುತ್ತಿದ್ದವು. ಎಲ್ಲಿಂದ ಬರುತ್ತವೆಂದು ಅವನು ಕೇಳಿದವನಲ್ಲ. ಇಕ್ಕಳದಣ್ಣ ಕುರ್ಚಿಯಲ್ಲಿ ಕೂತಿದ್ದ. ಮುಂಗೈ ಉಳುಕಿ, ಬಟ್ಟೆ ಕಟ್ಟಿಕೊಂಡಿದ್ದ. ಮೂವತ್ತು ವರ್ಷ ಅಚ್ಚಿನಿಂದ ಗೊಂಬೆ ಎಳೆದ ಕೈ ಅದು.

ಸಂಗತಿ ಕೇಳಿ ಅವನು ನಗಲೂ ಇಲ್ಲ, ಬೈಯಲೂ ಇಲ್ಲ. "ನನ್ನ ಕೈಲಾಗಲ್ಲ. ಬಾಯಲ್ಲಿ ಹೇಳ್ತೀನಿ, ನೀನೇ ಮಾಡು," ಎಂದ.

"ನಾನಾ? ನನಗೆ ಬರೋದು ಅಂಟು ಬಳಿಯೋದೊಂದೇ ಅಣ್ಣ."

"ಹಾಗಾದ್ರೆ ಯಜಮಾನರಿಗೆ ಬೆನ್ನಿಲ್ಲದ ಗುಮ್ಮನ್ನ ತೋರಿಸು."

ಚೀಟಿಯಪ್ಪ ಅಂಗಿಯ ತೋಳು ಮಡಿಚಿದ.

ತಾಮ್ರದ ಅಚ್ಚು ನೋಡಲು ಹಾದಿಯಲ್ಲಿ ಬಿದ್ದ ತಗಡಿನ ಉಂಡೆಯಂತಿತ್ತು: ಹೊರಗೆಲ್ಲ ಗಂಟು, ಕಪ್ಪು. ಇಕ್ಕಳದಣ್ಣ ಅದರ ಬಾಯಿಯೊಳಕ್ಕೆ ದೀಪ ಹಿಡಿದು, "ನೋಡು," ಎಂದ. ಬಾಯಿ ಒಂದು ನಿಂಬೆಹಣ್ಣು ತೂರುವಷ್ಟೇ ಅಗಲ. ಚೀಟಿಯಪ್ಪ ಕಣ್ಣಿಟ್ಟು ಇಣುಕಿದ. ಒಳಗೆ ಇಡೀ ಗುಮ್ಮನ ಮೈ ಒಳಹೊರಗಾಗಿ ಹೊಳೆಯುತ್ತಿತ್ತು. ಹೊಟ್ಟೆಯ ಉಬ್ಬು ಇದ್ದಲ್ಲಿ ಗುಂಡಿ, ಹೊಕ್ಕುಳ ಇದ್ದಲ್ಲಿ ಮೊಳಕೆ. ಬಾಲದ ಒಂದೊಂದು ಗೆರೆಯೂ ಕೂದಲೆಳೆಯಷ್ಟು ಸ್ಪಷ್ಟ.

"ಇದರೊಳಗೆ ಕೊರೆದವರು ಯಾರಣ್ಣ? ಕೈ ಹೇಗೆ ಹೋಯ್ತು?"

"ಕೈ ಯಾಕೆ ಹೋಗ್ಬೇಕು. ಮೊದಲು ಮೇಣದ ಗುಮ್ಮ ಮಾಡ್ತಾರೆ. ಅದನ್ನ ತಾಮ್ರದ ನೀರಲ್ಲಿ ಇಳಿಬಿಟ್ಟು ಕರೆಂಟು ಹಾಯಿಸ್ತಾರೆ. ವಾರಗಟ್ಟಲೆ ತಾಮ್ರ ಬಂದು ಮೈಮೇಲೆ ಕೂರತ್ತೆ. ಆಮೇಲೆ ಬಿಸಿ ಮಾಡಿದ್ರೆ ಮೇಣ ಕರಗಿ ಹರಿದುಹೋಗತ್ತೆ. ಉಳಿಯೋದು ಗುಮ್ಮ ಇದ್ದ ಜಾಗ."

ಗುಮ್ಮ ಇದ್ದ ಜಾಗ. ಚೀಟಿಯಪ್ಪ ಇನ್ನೊಮ್ಮೆ ಇಣುಕಿದ. ನಾಲ್ಕು ಗಂಟೆಯ ಭಯ ಒಂದು ಕ್ಷಣ ಎತ್ತಲೋ ಹೋಯಿತು.

ಹೊಸದಾಗಿ ಬಂದ ಪೀಪಾಯಿಯಿಂದ ನೀಲಿ ದ್ರವವನ್ನು ಅಚ್ಚಿಗೆ ಸುರಿಯಬೇಕು. ಕೆನೆಗಟ್ಟಿದ ಹಾಲಿನಂಥ ವಿನೈಲು. ಅಚ್ಚನ್ನು ಕುದಿಯೆಣ್ಣೆಯ ತೊಟ್ಟಿಯಲ್ಲಿ ಮುಳುಗಿಸಬೇಕು. ತಾಮ್ರಕ್ಕೆ ತಾಗಿದಷ್ಟು ದ್ರವ ಚರ್ಮದಂತೆ ಗಟ್ಟಿಯಾಗುತ್ತದೆ. ನಡುವಿನದನ್ನು ಮತ್ತೆ ಪೀಪಾಯಿಗೆ ಬಗ್ಗಿಸಿ, ಚರ್ಮವನ್ನು ಇನ್ನೊಮ್ಮೆ ಎಣ್ಣೆಯಲ್ಲಿ ಬೇಯಿಸಿ, ನೀರಲ್ಲಿ ಅದ್ದಿ, ಬಿಸಿ ಆರುವ ಮೊದಲೇ ಇಕ್ಕಳದಿಂದ ಎಳೆಯಬೇಕು. ಹೇಳುವುದಕ್ಕೆ ಇಷ್ಟೇ.

ಮೊದಲ ಗುಮ್ಮನನ್ನು ಅವಸರದಲ್ಲಿ ಬಗ್ಗಿಸಿದ. ಗಾಳಿ ಹೋದ ಬಲೂನಿನಂತೆ ಬಂತು. ಎರಡನೆಯದನ್ನು ಎಣ್ಣೆಯಲ್ಲಿ ಮರೆತ. ಬಿಸಿಲಲ್ಲಿ ಬಿದ್ದ ಹಳೆಯ ಚಪ್ಪಲಿಯ ಬಣ್ಣಕ್ಕೆ ತಿರುಗಿತು. ಮೂರನೆಯದು ಆರಿಹೋಗಿ, ಎಳೆದಾಗ ಚರ್ರೆಂದು ಹರಿಯಿತು. ನಾಲ್ಕನೆಯದನ್ನು ತೀರ ಬಿಸಿಯಲ್ಲೇ ಎಳೆದ. ಗುಮ್ಮ ಉದ್ದವಾಗುತ್ತ ಆಗುತ್ತ ಬಾಗಿಲವರೆಗೆ ಬಂದಿತು, ಬಾಲ ಇನ್ನೂ ಅಚ್ಚಿನೊಳಗೇ ಇತ್ತು. ಐದರಲ್ಲಿ ಒಂದು ಕಾಲಿರಲಿಲ್ಲ. ಆರರಲ್ಲಿ ಎರಡೂ ಇರಲಿಲ್ಲ.

"ಪರವಾಗಿಲ್ಲ, ಏನೋ ಒಂದು ಕ್ರಮ ಕಾಣ್ತಿದೆ," ಎಂದ ಇಕ್ಕಳದಣ್ಣ.

ಏಳನೆಯದು ಆಕಾರದಲ್ಲಿ ಸರಿಯಾಗಿಯೇ ಬಂದಿತು. ಆದರೆ ಮೈತುಂಬ ಸಿಡುಬಿನ ಕಲೆಯಂತೆ ಸಣ್ಣ ಸಣ್ಣ ತೂತು.

"ಇದು ನಿನ್ನ ತಪ್ಪಲ್ಲ. ಈ ಪೀಪಾಯಿಗಳು ಬಂದಾಗಿನಿಂದ ಹೀಗೇ. ಮಾಲು ದಪ್ಪ, ಗುಳ್ಳೆ ಜಾಸ್ತಿ. ಮೊನ್ನೆ ನಾನು ಹತ್ತು ಎಳೆದ್ರೆ ಎಂಟರಲ್ಲಿ ತೂತು. ಚೆನ್ನಾಗಿದ್ದ ಎರಡನ್ನೂ ಯಜಮಾನರು ತಗೊಂಡು ಹೋದ್ರು, ಅದರಲ್ಲಿ ಒಂದನ್ನೇ ಕಪಾಟಲ್ಲಿ ಇಟ್ಟಿರ್ಬೇಕು."

ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಚೀಟಿಯಪ್ಪ ಎಂಟನೆಯ ಸಲ ಅಚ್ಚು ತುಂಬಿ ಎಣ್ಣೆಗೆ ಇಳಿಸಬೇಕು, ಅಷ್ಟರಲ್ಲಿ ಅಕ್ಕ, ಭಾವ ಇಬ್ಬರೂ ಒಳಗೆ ಬಂದರು.

"ಅಚ್ಚನ್ನ ಮೊದಲು ಬಿಸಿ ಮಾಡ್ಬೇಕು," ಎಂದಳು ಅಕ್ಕ.

"ಯಾರು ಹೇಳಿದ್ದು? ತಣ್ಣಗೇ ಇರ್ಬೇಕು," ಎಂದ ಭಾವ.

"ನೀನು ಬಣ್ಣ ಬಳಿಯೋನು, ನಿನಗೇನು ಗೊತ್ತು?"

"ನೀವು ದಾರ ಕಟ್ಟೋರು, ನಿಮಗೆ ಗೊತ್ತಿದೆಯಾ?"

ಜಗಳ ಅಚ್ಚಿನಿಂದ ಹೊರಟು, ಹೋದ ವರ್ಷ ಯಾರೋ ಕುಡಿದು ತೊಳೆಯದೆ ಬಿಟ್ಟ ಲೋಟದವರೆಗೆ ಹೋಗಿ, ಮರಳಿ ಅಚ್ಚಿಗೆ ಬರಲು ಕಾಲು ಗಂಟೆ ಹಿಡಿಯಿತು. ತುಂಬಿದ ಅಚ್ಚು ಹಿಡಿದ ಚೀಟಿಯಪ್ಪ ಒಮ್ಮೆ ಅವಳ ಮುಖ, ಒಮ್ಮೆ ಇವನ ಮುಖ ನೋಡುತ್ತ ನಿಂತೇ ಇದ್ದ. ಕೊನೆಗೆ ಇಕ್ಕಳದಣ್ಣ, "ಇಳಿಸಯ್ಯ ಸಾಕು," ಎಂದಾಗ ಇಳಿಸಿದ.

ಈ ಸಲ ಹೊತ್ತು ನೋಡಿ ಎತ್ತಿದ. ಬಗ್ಗಿಸಿದ, ಬೇಯಿಸಿದ, ನೀರಿಗೆ ಅದ್ದಿದ. ಇಕ್ಕಳದಿಂದ ಕುತ್ತಿಗೆಯ ಅಂಚನ್ನು ಕಚ್ಚಿ ಎಳೆದ. ಮೊದಲು ಏನೂ ಬರಲಿಲ್ಲ. ಆಮೇಲೆ ಒಳಗೆಲ್ಲೋ ಏನೋ ಬಿಟ್ಟುಕೊಟ್ಟಂತೆ ಒಂದು ಸಣ್ಣ ಶಬ್ದ. ನಿಂಬೆಹಣ್ಣಿನ ಬಾಯಿಯಿಂದ ನೀಲಿ ಭುಜ ಮಡಿಚಿಕೊಂಡು ಹೊರಬಂತು. ಹಿಂದೆಯೇ ಡೊಳ್ಳು ಹೊಟ್ಟೆ ತನ್ನನ್ನು ತಾನೇ ಕಿರಿದು ಮಾಡಿಕೊಂಡು ತೂರಿ, ಹೊರಗೆ ಬಂದೊಡನೆ ಉಸಿರೆಳೆದಂತೆ ಉಬ್ಬಿತು. ಕಾಲೆರಡು, ಕಡೆಗೆ ಪುಳಕ್ಕೆಂದು ಬಾಲ. ಅಂಗೈ ಮೇಲೆ ಇಡೀ ಗುಮ್ಮನ ಮೈ, ಬೆಚ್ಚಗೆ, ಹಬೆಯಾಡುತ್ತ ಕೂತಿತ್ತು. ಒಂದು ತೂತಿಲ್ಲ. ಬೆನ್ನು ನಿಂತ ನೀರಿನಂತೆ ನುಣುಪು.

ಎಲ್ಲರೂ ಹತ್ತಿರ ಬಂದು ಬಗ್ಗಿ ನೋಡಿದರು. ಅಕ್ಕ ಕೂಡ ತಪ್ಪು ಹುಡುಕಲಿಲ್ಲ, ಅದು ಆ ಕಾರ್ಖಾನೆಯಲ್ಲಿ ಮೊದಲ ಸಲ. ಚೀಟಿಯಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಇಷ್ಟು ವರ್ಷ ಇಂಥದೊಂದು ಗೋಡೆಯ ಆಚೆ ದಿನವೂ ನಡೆಯುತ್ತಿತ್ತು, ತಾನು ಈಚೆ ಕೂತು ಅಂಟು ಬಳಿಯುತ್ತಿದ್ದೆನಲ್ಲ ಎನ್ನಿಸಿತು.

ಬಿಸಿ ನೀರಲ್ಲಿ ಕುತ್ತಿಗೆ ಮೆದು ಮಾಡಿ ತಲೆ, ಕೈ ಸಿಕ್ಕಿಸಿದರು. ನಾಲ್ಕಕ್ಕೆ ಐದು ನಿಮಿಷವಿರುವಾಗ ಗುಮ್ಮ ಕಪಾಟಿನಲ್ಲಿ, ಗೋಡೆಗೆ ಬೆನ್ನು ಮಾಡಿ ನಿಂತಿತು.

ಯಜಮಾನರ ಹಿಂದೆ ಬಂದವರು ಗಿರಾಕಿಯಲ್ಲ. ದಪ್ಪ ಮೀಸೆಯ, ನಿಧಾನ ನಡೆಯ ಆ ಮನುಷ್ಯರನ್ನು ನೋಡಿ ಇಕ್ಕಳದಣ್ಣ ಪಿಸುಗುಟ್ಟಿದ: "ಇವರು ಪೀಪಾಯಿ ಸಾಹುಕಾರರು. ನಮಗೆ ವಿನೈಲು ಕಳಿಸೋರು."

ಯಜಮಾನರು ಕಪಾಟು ತೆರೆದರು. "ನೀವು ಫೋನಲ್ಲಿ ನಂಬಲಿಲ್ಲ. ಈಗ ಕಣ್ಣಾರೆ ನೋಡಿ. ತೂತು ಬಿದ್ದ ಎಂಟು ಗೊಂಬೆಗಳಲ್ಲಿ ತೀರ ಕೆಟ್ಟದ್ದನ್ನ ಆರಿಸಿ, ಉಳಿದದ್ದನ್ನ ಎಸೆದು, ಇದೊಂದನ್ನ ನಿಮಗೆ ತೋರಿಸೋಕೇ ಅಂತ ಇಟ್ಟಿದ್ದೀನಿ. ಇದರ ಬೆನ್ನು ನೋಡಿ, ಜರಡಿ ಇದ್ದ ಹಾಗಿದೆ. ನಿಮ್ಮ ನಲವತ್ತು ಪೀಪಾಯಿನೂ ವಾಪಸ್ ತಗೊಂಡು ಹೋಗಿ." ಹೀಗೆ ಹೇಳುತ್ತ ಗುಮ್ಮನನ್ನು ತಿರುಗಿಸಿ, ಸಾಹುಕಾರರ ಮೂಗಿನೆದುರು ಹಿಡಿದರು.

ಸಾಹುಕಾರರು ಬೆನ್ನನ್ನು ನೋಡಿದರು. ಬೆರಳಾಡಿಸಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. "ನನ್ನ ಮಾಲಲ್ಲಿ ಇಷ್ಟು ಚೆಂದದ ಕೆಲಸ ನಾನು ಇದುವರೆಗೆ ನೋಡಿಲ್ಲ," ಎಂದರು. ಅವರ ಧ್ವನಿಯಲ್ಲಿ ವ್ಯಂಗ್ಯವಿರಲಿಲ್ಲ, ಬೆರಗಿತ್ತು.

ಯಜಮಾನರು ಗುಮ್ಮನನ್ನು ತಿರುಗಿಸಿ ನೋಡಿದರು. ತೂತು ಹುಡುಕುತ್ತ ಅಂಗೈಯಿಂದ ಉಜ್ಜಿದರು. ಆಮೇಲೆ ಕಣ್ಣು ಒಬ್ಬೊಬ್ಬರ ಮೇಲೂ ಹಾಯ್ದು ಚೀಟಿಯಪ್ಪನ ಮೇಲೆ ನಿಂತಿತು; ಯಾಕೆಂದರೆ ಉಳಿದ ಮೂವರೂ ಅವನನ್ನೇ ನೋಡುತ್ತಿದ್ದರು.

ಅವನು ತಡವರಿಸುತ್ತ ಎಲ್ಲವನ್ನೂ ಹೇಳಿದ.

"ಏಳು ಹಾಳು ಮಾಡಿದ್ಯಾ?" ಎಂದರು ಯಜಮಾನರು. ಅವರ ಮುಖದಲ್ಲಿ ಆಸೆ ಚಿಗುರಿತು. "ಸಾಹುಕಾರರೇ, ಇದು ಹೇಗೋ ಒಂದು ಬಂದಿದೆ ಅಷ್ಟೆ. ಈಗ ನಿಮ್ಮೆದುರಿಗೇ ಇವನು ಇನ್ನೊಂದು ಎಳೀತಾನೆ, ನೋಡಿ." ಹತ್ತಿರ ಬಂದು ಚೀಟಿಯಪ್ಪನ ಕಿವಿಯಲ್ಲಿ, "ಮೊದಲ ಏಳು ಸಲ ಮಾಡಿದ ಹಾಗೇ ಮಾಡು, ನಿನ್ನ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ," ಎಂದರು. ಹದಿನಾಲ್ಕು ವರ್ಷದಲ್ಲಿ ಅವರು ಅವನಿಗೆ ಆಡಿದ ಮೊದಲ ಒಳ್ಳೆಯ ಮಾತು ಅದು.

ಚೀಟಿಯಪ್ಪ ಕೆಡಿಸಬೇಕೆಂದೇ ಸಂಕಲ್ಪ ಮಾಡಿಕೊಂಡು ಅಚ್ಚು ತುಂಬಿದ. ಎಣ್ಣೆಗೆ ಇಳಿಸುವ ಮೊದಲೇ ಸಾಹುಕಾರರು, "ನಿಮ್ಮ ಎಣ್ಣೆಯ ಬಿಸಿಯೇ ಸರಿಯಿಲ್ಲ," ಎಂದರು. "ಮಾಲು ಸರಿಯಿದ್ರೆ ತಾನೇ ಬಿಸಿಯ ಮಾತು," ಎಂದರು ಯಜಮಾನರು. ಒಬ್ಬರು ಹಳೆಯ ರಸೀದಿ ತೆಗೆದರು, ಇನ್ನೊಬ್ಬರು ಅದಕ್ಕಿಂತ ಹಳೆಯ ಕಾಗದ ತೆಗೆದರು. ತುಂಬಿದ ಅಚ್ಚು ಹಿಡಿದ ಚೀಟಿಯಪ್ಪ ಇಪ್ಪತ್ತು ನಿಮಿಷ ನಡುವೆ ನಿಂತಿದ್ದ. ಕೊನೆಗೆ ಇಬ್ಬರೂ ಒಟ್ಟಿಗೆ, "ಏನು ನೋಡ್ತಾ ನಿಂತಿದ್ದೀಯ?" ಎಂದು ಗದರಿದರು.

ಅಚ್ಚು ಎಣ್ಣೆಗಿಳಿಯಿತು. ಒಂದೊಂದು ಹಂತದಲ್ಲೂ ತಪ್ಪು ಮಾಡಲು ಅವನು ಪ್ರಯತ್ನಿಸಿದ. ಆದರೆ ಹೊತ್ತು ಬಂದಾಗ ಕೈ ತಾನೇ ಎತ್ತಿತು, ತಾನೇ ಬಗ್ಗಿಸಿತು, ತಾನೇ ಅದ್ದಿತು. ಇಕ್ಕಳ ಕಚ್ಚಿ ಎಳೆದ. ಭುಜ ಬಂತು. ಹೊಟ್ಟೆ ಬಂದು ಉಸಿರೆಳೆದುಕೊಂಡಿತು. ಬಾಲ ಪುಳಕ್ಕೆಂದಿತು. ಬೆನ್ನಿನಲ್ಲಿ ಕಿಟಕಿಯ ಬೆಳಕು ಉದ್ದಕ್ಕೂ ಹರಿದು ನಿಂತಿತು. ಚೀಟಿಯಪ್ಪ ಎಲ್ಲ ಮರೆತು, ಹೊಸದಾಗಿ ಅಪ್ಪನಾದವನಂತೆ ಅದನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದ. ಯಜಮಾನರ ಮುಖ ಕಣ್ಣಿಗೆ ಬಿದ್ದ ಮೇಲೆ ಮೆಲ್ಲನೆ ಕೆಳಗಿಳಿಸಿದ.

ಸಾಹುಕಾರರು ಅವನ ಬೆನ್ನು ತಟ್ಟಿದರು. "ತೊಂದರೆ ಮಾಲಲ್ಲಿಲ್ಲ, ಕೈಯಲ್ಲಿದೆ. ಇವನದ್ದು ಕೈಗುಣ," ಎಂದು ಯಜಮಾನರಿಗೆ ಹೇಳಿ, ಗುಮ್ಮನ ಮೈಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಟುಹೋದರು. ಪೀಪಾಯಿಗಳು ಉಳಿದವು.

ಯಜಮಾನರು ಪೀಪಾಯಿಗಳ ಸಾಲಿನತ್ತ ತಿರುಗಿದರು. "ನಲವತ್ತು ಪೀಪಾಯಿ," ಎಂದರು. "ಬೇರೆ ಯಾರು ಮುಟ್ಟಿದ್ರೂ ತೂತು. ಅದಕ್ಕೇ ಅಷ್ಟೂ ನೀನೇ ಎಳೀಬೇಕು. ನಾಳೆಯಿಂದ ಒಂದು ಗಂಟೆ ಮುಂಚೆ ಬಾ. ಚೀಟಿ ಕೆಲಸ ಸಂಜೆ ಮಾಡ್ಕೋ."

ಉಳಿದವರೆಲ್ಲ ಹೋದ ಮೇಲೆ ಚೀಟಿಯಪ್ಪ ತೊಟ್ಟಿಯ ಪಕ್ಕದಲ್ಲಿ ಕುಸಿದು ಕೂತ. "ಅಣ್ಣ, ನನಗೆ ಯಾವ ಕೈಗುಣವೂ ಇಲ್ಲ. ಏಳನೇದಕ್ಕೂ ಎಂಟನೇದಕ್ಕೂ ನಾನು ಬೇರೆ ಏನು ಮಾಡಿದೆ?"

ಇಕ್ಕಳದಣ್ಣ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ. "ಏನೂ ಮಾಡಲಿಲ್ಲ. ಅದೇ ಗುಟ್ಟು. ಅವರು ಜಗಳ ಆಡೋವಾಗ ಅಚ್ಚು ಹಿಡಿದು ಸುಮ್ನೆ ನಿಂತಿದ್ದೆಯಲ್ಲ, ಅಷ್ಟು ಹೊತ್ತಲ್ಲಿ ಗುಳ್ಳೆ ಎಲ್ಲ ಮೇಲೆ ಬಂದು ಒಡೆದುಹೋಯ್ತು. ದಪ್ಪ ಮಾಲು, ಅದಕ್ಕೆ ಕಾಲು ಗಂಟೆ ಬೇಕು. ನನಗೂ ಈಗಲೇ ಹೊಳೆದದ್ದು."

ಚೀಟಿಯಪ್ಪನ ಮುಖ ಅರಳಿತು. "ಅಷ್ಟೇನಾ? ಹಾಗಾದ್ರೆ ಯಾರು ಬೇಕಾದ್ರೂ ಎಳೀಬಹುದು. ಯಜಮಾನರಿಗೆ ಹೇಳಿಬಿಡ್ತೀನಿ."

ಇಕ್ಕಳದಣ್ಣ ಅವನ ತೋಳು ಹಿಡಿದ. "ಹೇಳ್ಬೇಡ ತಮ್ಮಾ. ಮೂವತ್ತು ವರ್ಷದ ಅನುಭವ ಇದ್ದೂ ಕಾಲು ಗಂಟೆ ಕಾಯೋಕೆ ನಿನಗೆ ತೋಚಲಿಲ್ವಾ ಅಂತ ನನ್ನ ಮಾನ ಕಳೀತಾರೆ. ನಿನಗೆ ಕೈಗುಣ ಇದೆ ಅಂತಾನೇ ಇರಲಿ."

ಇಷ್ಟು ಕಲಿಸಿದವನ ಮಾತನ್ನು ತಳ್ಳಿಹಾಕುವುದು ಹೇಗೆ? ಚೀಟಿಯಪ್ಪ ಕೈ ಒರೆಸಿಕೊಂಡು, "ಆಯ್ತಣ್ಣ," ಎಂದ. ಆಮೇಲೆ ಎದ್ದು, ಪೀಪಾಯಿಗಳನ್ನು ಎಣಿಸತೊಡಗಿದ.